ಅಣ್ಣನ ಕಾರ್ಡಿನಲ್ಲಿ ತಮ್ಮನ ಎದೆನೋವು

ಹರಿಣಾಕ್ಷಿಯ ದನಿ ಕೇಳಿದರೆ ಸಾಕು, ಶಾಲೆಯ ಬಸ್ಸಿನಲ್ಲಿದ್ದ ಮಕ್ಕಳೆಲ್ಲ ಬೆಲ್ಟು ಹಾಕಿಕೊಂಡು ನೆಟ್ಟಗೆ ಕೂರುತ್ತಿದ್ದವು. ದುಬೈಯ ಊದ್ ಮೇಥಾದಲ್ಲಿರುವ ಭಾರತೀಯ ಶಾಲೆಯೊಂದರಲ್ಲಿ ಅವಳದು ಬಸ್ ಆಂಟಿಯ ಕೆಲಸ. ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ವಾಂತಿ ಮಾಡಿದರೆ ಒರೆಸುವುದು, ಕಿಟಕಿ ಬದಿಯ ಸೀಟಿಗೆ ಹೊಡೆದಾಡಿದರೆ ಬಿಡಿಸುವುದು. ಮಕ್ಕಳು ಇಂಗ್ಲಿಷಿನಲ್ಲಿ ಎದುರು ಮಾತಾಡುತ್ತಿದ್ದವು, ಅವಳು ತುಳುವಿನಲ್ಲಿ ಗದರುತ್ತಿದ್ದಳು, ಎರಡೂ ಕಡೆಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಬಾಯಿ ಜೋರು, ಮನಸ್ಸು ಬೆಣ್ಣೆ ಎಂದು ಹೇಳುವವರಿದ್ದರು. ಬಾಯಿಯೂ ಜೋರು, ಮನಸ್ಸೂ ಜೋರು ಎಂದು ಅವಳ ಗಂಡ ಪುರಂದರ ಅದನ್ನು ತಿದ್ದುತ್ತಿದ್ದ. ಅಂಥ ಹೆಂಗಸು ಆ ದಿನ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನ ಮುಂದೆ ಬಾಯಿಗೆ ಬೀಗ ಬಿದ್ದವಳಂತೆ ನಿಂತುಬಿಟ್ಟಳು.

ನಡೆದದ್ದು ಇಷ್ಟು. ಪುರಂದರ ಮೊದಲು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಬಟ್ಟೆಯಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದ. ಗಂಡ ಅಲ್ಲಿ, ಹೆಂಡತಿ ಇಲ್ಲಿ, ಮಗಳು ಊರಿನಲ್ಲಿ. ವಾರಕ್ಕೊಮ್ಮೆ ಬಸ್ಸು ಹಿಡಿದು ಬಂದು ಬಂಗುಡೆ ಸಾರು ಉಂಡು ಮರಳುವುದಕ್ಕೇ ಅವರು ಸಂಸಾರ ಎಂದು ಹೆಸರಿಟ್ಟುಕೊಂಡಿದ್ದರು. ಹೋದ ವರ್ಷ ಆ ಅಂಗಡಿ ಮುಚ್ಚಿತು. ಯಾರು ಯಾರದೋ ಕೈಕಾಲು ಹಿಡಿದು ದುಬೈಯ ಅಲ್ ಕುಸೈಸಿನ ಗೋದಾಮೊಂದರಲ್ಲಿ ಅವನಿಗೆ ಸ್ಟೋರ್‌ಕೀಪರ್ ಕೆಲಸ ಸಿಕ್ಕಿತು. ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಗಂಡ ಹೆಂಡತಿ ದಿನಾ ಒಂದೇ ಕೋಣೆಯಲ್ಲಿ ಏಳುವ ಯೋಗ ಬಂತು. ಹರಿಣಾಕ್ಷಿ ಮುಂದಿನ ನಾಲ್ಕು ತಿಂಗಳು ಎಷ್ಟು ಖುಷಿಯಾಗಿದ್ದಳೆಂದರೆ, ಇಷ್ಟು ಖುಷಿ ಒಳ್ಳೆಯದಲ್ಲ ಎಂದು ಅವಳಿಗೇ ಭಯವಾಗುತ್ತಿತ್ತು. ಭಯಕ್ಕೆ ತಕ್ಕಂತೆ ಒಂದು ಬೆಳಿಗ್ಗೆ ಪುರಂದರ ಗೋದಾಮಿನಲ್ಲಿ ಎದೆ ಹಿಡಿದುಕೊಂಡು ರಟ್ಟಿನ ಪೆಟ್ಟಿಗೆಗಳ ನಡುವೆ ಕುಸಿದು ಕೂತ.

ಆಂಬುಲೆನ್ಸಿನವರು ಬೇಗ ಬಂದರು, ಆಸ್ಪತ್ರೆಯವರೂ ಬೇಗ ನೋಡಿದರು. ಅದರಲ್ಲಿ ಯಾರ ದೋಷವೂ ಇಲ್ಲ. ಹೃದಯದ ಮೂರು ರಕ್ತನಾಳಗಳು ಕಟ್ಟಿವೆ, ಸದ್ಯಕ್ಕೆ ಮದ್ದಿನಲ್ಲಿ ಹಿಡಿದಿಟ್ಟಿದ್ದೇವೆ, ಆದರೆ ಬೈಪಾಸ್ ಆಪರೇಷನ್ ಆಗಲೇಬೇಕು, ತಡ ಮಾಡುವ ಹಾಗಿಲ್ಲ ಎಂದರು ಡಾಕ್ಟರು. ಊರಿಗೆ ಕರೆದುಕೊಂಡು ಹೋಗಿ ಮಾಡಿಸಲೇ ಎಂದು ಹರಿಣಾಕ್ಷಿ ಕೇಳಿದಾಗ, ಈ ಸ್ಥಿತಿಯಲ್ಲಿ ವಿಮಾನ ಹತ್ತಿಸಲು ನಾನು ಸಹಿ ಹಾಕುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಸರಿ, ಕಂಪೆನಿ ಕೊಟ್ಟ ಇನ್ಶೂರೆನ್ಸ್ ಕಾರ್ಡು ಇದೆಯಲ್ಲ ಎಂದು ಅವಳು ಧೈರ್ಯವಾಗಿ ಕೌಂಟರಿಗೆ ಹೋದಳು. ಅಲ್ಲಿದ್ದವಳು ಶೆರಿಲ್, ಮಂಗಳೂರಿನ ಬೊಂದೆಲ್ ಕಡೆಯ ಹುಡುಗಿ. ಊರಿನ ಮುಖ ಕಂಡು ಹರಿಣಾಕ್ಷಿಗೆ ಅರ್ಧ ಆಪರೇಷನ್ ಮುಗಿದಷ್ಟು ಸಮಾಧಾನವಾಯಿತು.

"ಆಂಟಿ, ಎಮರ್ಜೆನ್ಸಿಗೆ ಇನ್ಶೂರೆನ್ಸಿನವರು ಇಲ್ಲ ಅನ್ನುವ ಹಾಗಿಲ್ಲ, ಅದು ಪಾಸಾಯ್ತು," ಎಂದಳು ಶೆರಿಲ್. "ಆಪರೇಷನ್ನಿಗೆ ಮಾತ್ರ ಅಪ್ರೂವಲ್ ರಿಜೆಕ್ಟ್ ಮಾಡಿದ್ದಾರೆ."

"ಯಾಕೆ? ಕಮ್ಮಿ ದುಡ್ಡಿನ ಬೇಸಿಕ್ ಕಾರ್ಡ್ ಅಂತಲಾ?"

"ಅಲ್ಲ ಆಂಟಿ. ಬೇಸಿಕ್ ಆದ್ರೂ ಹಾರ್ಟಿಗೆ ಕೊಡ್ತಾರೆ. ಆದ್ರೆ ಹೊಸ ಕಾರ್ಡಿಗೆ ಆರು ತಿಂಗಳು ಆಗುವ ತನಕ ಹಳೇ ಕಾಯಿಲೆಗೆ ಇಲ್ಲ. ಮತ್ತೆ ಹಳೇ ಕಾಯಿಲೆ ಉಂಟು ಅಂತ ಸೇರುವಾಗ ಹೇಳದೆ ಮುಚ್ಚಿಟ್ರೆ, ಆಮೇಲೆ ಸಹ ಇಲ್ಲ. ಅಂಕಲ್ ಮುಚ್ಚಿಟ್ಟಿದ್ದಾರೆ ಅಂತ ಅವರದ್ದು."

"ಎಂತದು ಹಳೇ ಕಾಯಿಲೆ? ಇವರಿಗೆ ಒಂದು ನೆಗಡಿ ಬಂದದ್ದು ಸಹ ನಾನು ನೋಡ್ಲಿಲ್ಲ ಮಾರಾಯ್ತಿ!"

ಶೆರಿಲ್ ಕಂಪ್ಯೂಟರಿನ ಪರದೆ ನೋಡುತ್ತ ದನಿ ತಗ್ಗಿಸಿದಳು. "ಮೂರು ವರ್ಷದ ಹಿಂದೆ ನಮ್ಮದೇ ಅಬುಧಾಬಿ ಬ್ರಾಂಚಿಗೆ ಹೋಗಿದ್ದಾರೆ ಆಂಟಿ. ಎದೆನೋವು, ಬಿಪಿ ಜಾಸ್ತಿ, ಇಸಿಜಿಯಲ್ಲಿ ವ್ಯತ್ಯಾಸ ಅಂತ ಉಂಟು. ಆಂಜಿಯೋಗ್ರಾಂ ಮಾಡಿಸಿ ಅಂದ್ರೆ ಪೇಶಂಟ್ ಬೇಡ ಅಂದಿದ್ದಾರೆ. ನಿಮ್ಮ ಹತ್ರ ಹೇಳ್ಲಿಲ್ಲವಾ?"

ಹರಿಣಾಕ್ಷಿಯ ಬಾಯಿಗೆ ಬೀಗ ಬಿದ್ದದ್ದು ಆಗಲೇ. ಯಾಕೆಂದರೆ ಆ ಎದೆನೋವು ಯಾರದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಮೈದುನ ರೋಷನ್‌ನದು.

ಆಗ ರೋಷನ್‌ನ ಕೆಲಸ ಹೋಗಿತ್ತು. ವಿಸಿಟ್ ವೀಸಾದಲ್ಲಿ ಬಂದು ಅಣ್ಣನ ಕೋಣೆಯಲ್ಲಿ ಮಲಗಿ ಕೆಲಸ ಹುಡುಕುತ್ತಿದ್ದ. ಈ ದೇಶದಲ್ಲಿ ಕೆಲಸ ಇದ್ದವನಿಗೆ ಕಂಪೆನಿ ಕಾರ್ಡು ಮಾಡಿಸಿ ಕೊಡಬೇಕು, ಅದು ಕಾನೂನು. ಕೆಲಸ ಇಲ್ಲದವನ ಎದೆ ನೋಯಬಾರದು, ಅದು ಅವನ ಹಣೆಬರಹ. ಒಂದು ಸಂಜೆ ಅವನ ಎದೆ ಬಿಗಿದು ಬೆವರು ಬಂದಾಗ ಪುರಂದರ ಇನ್ಶೂರೆನ್ಸ್ ಕಾರ್ಡಿನ ಕೆಲಸವನ್ನೂ ಮಾಡುವ ತನ್ನ ಐಡಿ ತೆಗೆದುಕೊಂಡು ತಮ್ಮನನ್ನು ಆಸ್ಪತ್ರೆಗೆ ಕರೆದೊಯ್ದ. ಫೋನಿನಲ್ಲಿ ಅವನಿಗೆ ಹಾಗೆ ಮಾಡಲು ಹೇಳಿದವಳು ಹರಿಣಾಕ್ಷಿಯೇ. ಅಣ್ಣ ತಮ್ಮ ಇಬ್ಬರೂ ಅಪ್ಪನನ್ನೇ ಹೋಲುತ್ತಿದ್ದರು. ಅದೇ ಅಗಲ ಹಣೆ, ಅದೇ ಮೊಂಡು ಮೂಗು. ಕೌಂಟರಿನವರು ಒಮ್ಮೆ ಕಾರ್ಡು ನೋಡಿ, ಒಮ್ಮೆ ಮುಖ ನೋಡಿ ಒಳಗೆ ಕಳಿಸಿದರು. ಅಣ್ಣನ ಅಂಗಿ ತಮ್ಮನಿಗೆ ಎಂದೇ ಬೆಳೆದ ಮನೆಯವರಿಗೆ, ಅಣ್ಣನ ಕಾರ್ಡು ಮಾತ್ರ ತಮ್ಮನಿಗಾಗದು ಎಂದು ಹೊಳೆಯುವುದಾದರೂ ಹೇಗೆ? ನಮ್ಮವರ ಎಷ್ಟು ಕೋಣೆಗಳಲ್ಲಿ ಇದು ನಡೆದಿಲ್ಲ? ಯಾರೂ ಇದನ್ನು ಮೋಸ ಎನ್ನುವುದಿಲ್ಲ, ಸಂಬಂಧ ಎನ್ನುತ್ತಾರೆ. ಕಾನೂನಿಗೆ ಮಾತ್ರ ಸಂಬಂಧ ಗೊತ್ತಿಲ್ಲ, ಅದು ಇದಕ್ಕೆ ವಂಚನೆ ಎಂದೇ ಹೆಸರಿಟ್ಟಿದೆ.

ಅವಳು ಶೆರಿಲ್‌ಗೆ ಏನೂ ಹೇಳದೆ ಮನೆಗೆ ಬಂದಳು. ಮೆಟ್ರೊದಲ್ಲಿ ಯಾರೋ ಸೀಟು ಬಿಟ್ಟುಕೊಟ್ಟದ್ದೂ ತಿಳಿಯಲಿಲ್ಲ, ನಿಂತೇ ಬಂದಳು.

ಅಪ್ರೂವಲ್ ಬರುವ ತನಕವೆಂದು ಪುರಂದರನನ್ನು ಮದ್ದು ಕೊಟ್ಟು ಮನೆಗೆ ಕಳಿಸಿದ್ದರು. ಸಾಲು ದಿಂಬುಗಳಿಗೆ ಒರಗಿ ಕೂತಿದ್ದ ಅವನು ಎಲ್ಲವನ್ನೂ ಕೇಳಿದ. ಕೇಳಿ, ಮೊದಲು ನಕ್ಕ. ನಕ್ಕರೆ ಎದೆ ನೋಯುತ್ತಿತ್ತು, ನಿಲ್ಲಿಸಿದ.

"ಹೇಳ್ಬೇಡ ಮಾರಾಯ್ತಿ," ಎಂದ. "ಅವನಿಗೆ ಈಗ ಒಳ್ಳೇ ಕೆಲಸ ಉಂಟು. ಹೆಂಡ್ತಿ ಅಶ್ಮಿತಾ ಬಂದಿದ್ದಾಳೆ, ಮಗುವಿಗೆ ವರ್ಷ ತುಂಬ್ಲಿಲ್ಲ. ಕೇಸ್ ಆದ್ರೆ ಅವನ ವೀಸಾ ಹೋಯ್ತು, ಅವರಿಬ್ಬರದ್ದೂ ಹೋಯ್ತು. ತಮ್ಮನ ಹೊಟ್ಟೆಗೆ ಹೊಡೆದು ನಾನು ಬದುಕುದಾ?"

"ನೀವು ಸತ್ರೆ ನನ್ನ ಹೊಟ್ಟೆಗೆ ಹೊಡೆದ ಹಾಗೆ ಆಗುದಿಲ್ಲವಾ?" ಹರಿಣಾಕ್ಷಿಯ ದನಿ ಗೋಡೆಯಾಚೆಯ ಕೋಣೆಗೂ ಕೇಳಿರಬೇಕು. "ನಿಮಗೆ ತಮ್ಮ ಕಾಣ್ತಾನೆ, ತಮ್ಮನ ಹೆಂಡ್ತಿ ಕಾಣ್ತಾಳೆ, ಅವರ ಮಗು ಕಾಣ್ತದೆ. ನಾನು ಮಾತ್ರ ಕಾಣುದಿಲ್ಲ!"

ಅವಳು ಅಡುಗೆಮನೆಗೆ ಹೋಗಿ, ಗಂಜಿಗೆ ಇಟ್ಟ ಅಕ್ಕಿಯನ್ನು ಮತ್ತೆ ಮತ್ತೆ ತೊಳೆಯುತ್ತ ಸೆರಗು ಕಚ್ಚಿಕೊಂಡು ಅತ್ತಳು. ಇತ್ತ ದರಿ, ಅತ್ತ ಪುಲಿ ಎನ್ನುವುದನ್ನು ಅವಳು ಶಾಲೆಯಲ್ಲಿ ಓದಿದ್ದಳು, ಅಂಥ ಜಾಗದಲ್ಲಿ ಒಲೆ ಹಚ್ಚಿ ಗಂಜಿಯನ್ನೂ ಬೇಯಿಸಬೇಕಾಗುತ್ತದೆ ಎಂದು ಯಾವ ಮಾಸ್ಟ್ರೂ ಹೇಳಿಕೊಟ್ಟಿರಲಿಲ್ಲ. ಸತ್ಯ ಹೇಳದಿದ್ದರೆ ಗಂಡನಿಗೆ ಆಪರೇಷನ್ ಇಲ್ಲ, ಕೈಯಿಂದ ಕಟ್ಟಲು ಅಷ್ಟು ದುಡ್ಡೂ ಇಲ್ಲ. ಹೇಳಿದರೆ ಕಾರ್ಡು ಕೊಟ್ಟ ಗಂಡ, ತೆಗೆದುಕೊಂಡ ಮೈದುನ ಇಬ್ಬರೂ ತಪ್ಪಿತಸ್ಥರು. ಗಂಜಿ ಇಳಿಸುವಷ್ಟರಲ್ಲಿ ಅವಳು ರೋಷನ್‌ಗೆ ಫೋನು ಮಾಡಿದ್ದಳು.

ರೋಷನ್ ಮರುದಿನ ಆಫೀಸಿನ ಅಂಗಿಯಲ್ಲೇ ಬಂದ. ಅಣ್ಣನ ಮುಖ ನೋಡಿ ಅವನ ಕಣ್ಣು ತುಂಬಿತು, ಅದರಲ್ಲಿ ನಾಟಕ ಇರಲಿಲ್ಲ. ಆದರೆ ಸತ್ಯ ಹೇಳುವ ಮಾತು ಬಂದೊಡನೆ ಮುಖದ ಬಣ್ಣವೇ ಇಳಿಯಿತು.

"ಅತ್ತಿಗೆ, ಅದೊಂದು ಬೇಡ. ನಮ್ಮ ಆಫೀಸಲ್ಲೇ ಒಬ್ಬ ಸ್ಟೀಫನ್ ಅಂತ ಇದ್ದ, ರೂಮ್‌ಮೇಟಿಗೆ ಕಾರ್ಡ್ ಕೊಟ್ಟು ಸಿಕ್ಕಿಬಿದ್ದ. ಖಲಾಸ್, ಈಗ ಅವ ಎಲ್ಲಿದ್ದಾನೆ ಅಂತ ಸಹ ಯಾರಿಗೂ ಗೊತ್ತಿಲ್ಲ." ಕಿಸೆಯಿಂದ ತನ್ನ ಐಡಿ ತೆಗೆದು ಹಾಸಿಗೆಯ ಮೇಲಿಟ್ಟ. "ಬೇರೆ ದಾರಿ ಉಂಟು. ನಂದು ಕಂಪೆನಿ ಕಾರ್ಡ್ ದೊಡ್ಡದು, ಅದರ ಮೇಲೆ ನಾನೇ ಕೈಯಿಂದ ದುಡ್ಡು ಕಟ್ಟಿ ಟಾಪ್‌-ಅಪ್ ಸಹ ಮಾಡ್ಸಿದ್ದೇನೆ. ದೊಡ್ಡ ದೊಡ್ಡ ಆಸ್ಪತ್ರೆಯೆಲ್ಲ ಬರ್ತದೆ, ಹಾರ್ಟ್ ಆಪರೇಷನ್ ಸಹ ಬರ್ತದೆ. ಅವತ್ತು ಅಣ್ಣನ ಕಾರ್ಡಲ್ಲಿ ನಾನು ಹೋದೆ. ಈಗ ನನ್ನ ಕಾರ್ಡಲ್ಲಿ ಅಣ್ಣ ಹೋಗ್ಲಿ."

ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಗಾದೆ. ಈ ಮನೆಯವರಿಗೆ ಕೆಟ್ಟ ಮೇಲೂ ಬರಲಿಲ್ಲ. ಹರಿಣಾಕ್ಷಿ ಆ ಕಾರ್ಡನ್ನೇ ನೋಡಿದಳು. ಅಗಲ ಹಣೆ, ಮೊಂಡು ಮೂಗು. ಇದು ತಪ್ಪು ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನೀರಿನಲ್ಲಿ ಮುಳುಗುವವಳು ಕೈಗೆ ಸಿಕ್ಕಿದ ಹಗ್ಗ ಯಾರ ಮನೆಯದು ಎಂದು ವಿಚಾರಿಸುತ್ತಾಳೆಯೇ?

ಪುರಂದರ ಮಾತ್ರ ಕೇಳಿದ. ತಮಾಷೆಯಾಗಿಯೇ ಕೇಳಿದ. "ಅಲ್ಲ ಮಾರಾಯ, ಟೇಬಲ್ ಮೇಲೆ ನನ್ನ ಉಸಿರು ನಿಂತ್ರೆ ಸಾಯುದು ಯಾರು? ಸರ್ಟಿಫಿಕೇಟಲ್ಲಿ ನೀನು ಸತ್ತ ಹಾಗೆ ಆಗ್ತದಲ್ಲ. ನನ್ನ ಹೆಣವನ್ನು ಊರಿಗೆ ಯಾರ ಹೆಸರಲ್ಲಿ ಕಳಿಸ್ತೀರಿ?"

"ಬಿಡ್ತು ಅನ್ನಿ!" ಎಂದು ಹರಿಣಾಕ್ಷಿ ಸಿಡಿದಳು. ಅಲ್ಲಿಗೆ ಆ ಮಾತು ನಿಂತಿತು. ಆದರೆ ಅದು ಅವಳ ಮನಸ್ಸಿನಿಂದ ಹೋಗಲಿಲ್ಲ, ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನಂತೆ ಅಲ್ಲೇ ಉಳಿಯಿತು.

ಎರಡು ದಿನ ಬಿಟ್ಟು ಅವರು ದುಬೈಯ ಇನ್ನೊಂದು ತುದಿಯಲ್ಲಿದ್ದ, ರೋಷನ್‌ನ ಕಾರ್ಡಿಗೆ ಬರುವ ದೊಡ್ಡ ಆಸ್ಪತ್ರೆಗೆ ಹೊರಟರು. ದಾರಿಯುದ್ದಕ್ಕೂ ಪುರಂದರ ತಮ್ಮನ ಹುಟ್ಟಿದ ತಾರೀಕು ಬಾಯಿಪಾಠ ಮಾಡುತ್ತಿದ್ದ. ಎರಡು ಸಲ ತಪ್ಪಿದ. ಮೂರನೆಯ ಸಲ ಸರಿಯಾಗಿ ಹೇಳಿ, ಪರೀಕ್ಷೆ ಪಾಸಾದ ಹುಡುಗನ ಹಾಗೆ ಹೆಂಡತಿಯ ಕಡೆ ನೋಡಿದ. ಹರಿಣಾಕ್ಷಿ ಮುಖ ತಿರುಗಿಸಿಕೊಂಡಳು. ಒಂದೇ ಕಾರ್ಡಿಗೆ ಎರಡು ಮುಖ ಕಾಣಿಸಬಾರದೆಂದು ರೋಷನ್ ಪಾರ್ಕಿಂಗಿನಲ್ಲಿ, ಕಾರಿನೊಳಗೇ ಉಳಿದ.

ಕೌಂಟರಿನ ಹೆಣ್ಣುಮಗಳು ಕಾರ್ಡು ನೋಡಿದಳು, ಮುಖ ನೋಡಿದಳು. ಹುಟ್ಟಿದ ತಾರೀಕು ಕೇಳಿದಳು, ಅವನು ಸರಿಯಾಗಿಯೇ ಹೇಳಿದ. ಎಲ್ಲ ಸುಸೂತ್ರ. ಅವನನ್ನು ಕುರ್ಚಿಯಲ್ಲಿ ಕೂರಿಸಿ ಅವಳು ಹರಿಣಾಕ್ಷಿಯ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದಳು, ಫೈಲಿನಲ್ಲಿ ಇವರ ಹೆಂಡತಿ ಅಶ್ಮಿತಾ ಎಂದಿದೆ, ನೀವೇ ತಾನೇ? ಹೌದಾದರೆ ನಿಮ್ಮ ಐಡಿ ಕೊಡಿ, ದೊಡ್ಡ ಆಪರೇಷನ್ನಿಗೆ ಮನೆಯವರ ಒಪ್ಪಿಗೆಯ ಸಹಿಯೂ ಇರಲಿ. ಅಲ್ಲವಾದರೆ ನೀವು ಇವರಿಗೆ ಏನಾಗಬೇಕು?

ಮೂವರೂ ಸೇರಿ ಗಂಡಸಿನ ಹೆಸರು, ತಾರೀಕು, ಮುಖ ಎಲ್ಲ ಯೋಚಿಸಿದ್ದರು. ಅವನಿಗೊಬ್ಬಳು ಹೆಂಡತಿ ಇದ್ದಾಳೆ ಎನ್ನುವುದನ್ನು ಮಾತ್ರ ಮರೆತಿದ್ದರು, ಹೆಂಡತಿಯೂ ಮರೆತಿದ್ದಳು. ಅತ್ತಿಗೆ ಎಂದು ಹೇಳಿದರೆ ಮುಗಿಯುತ್ತಿತ್ತು. ಸುಲಭದ ಮಾತು. ಹರಿಣಾಕ್ಷಿ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ನಾಳೆ ಒಳಗಿನಿಂದ ಡಾಕ್ಟರು ಬಂದು ತಲೆ ತಗ್ಗಿಸಿದರೆ? ಆಗ ಅವರು ಅಶ್ಮಿತಾ ಎಲ್ಲಿ ಎಂದು ಕೇಳುತ್ತಾರೆ. ತಾನು ಬದಿಗೆ ಸರಿದು ನಿಲ್ಲಬೇಕು. ಗೋಳೋ ಎಂದು ಅತ್ತರೂ ಅತ್ತಿಗೆಯ ಅಳತೆಯಲ್ಲಿ ಅಳಬೇಕು. ಇಪ್ಪತ್ತು ವರ್ಷ ವಾರಕ್ಕೊಂದು ದಿನ ಗಂಡ ಎಂದು ಸಿಕ್ಕಿದ ಮನುಷ್ಯ, ಕೊನೆಗೆ ಆ ಒಂದು ದಿನವೂ ತನ್ನವನಲ್ಲ ಎಂದಾಗುತ್ತದೆ.

"ನಾನು ಹರಿಣಾಕ್ಷಿ," ಎಂದಳು. "ಇವರು ನನ್ನ ಗಂಡ."

ಆ ಹೆಣ್ಣುಮಗಳು ಕಾರ್ಡನ್ನು ಮತ್ತೆ ಎತ್ತಿ ಹಿಡಿಯುವ ಮೊದಲೇ ಹರಿಣಾಕ್ಷಿ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು. ತಪ್ಪು ಕಾರ್ಡ್ ತಂದಿದ್ದೇವೆ ಎಂದು ಹಿಂದಿಯಲ್ಲಿ ಗೊಣಗಿ, ಗಂಡನ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ನಡೆದಳು. ಹಿಂದಿನಿಂದ ಯಾರೋ ಕರೆದ ಹಾಗಾಯಿತು, ತಿರುಗಿ ನೋಡಲಿಲ್ಲ. ಪಾರ್ಕಿಂಗ್ ತಲುಪುವುದರೊಳಗೆ ಪುರಂದರ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಪ್ರತಿ ಸಲವೂ ಅವಳ ಜೀವ ಬಾಯಿಗೆ ಬಂತು. ಇದ್ದ ಒಂದು ಬಾಗಿಲನ್ನೂ ನಾನೇ ಮುಚ್ಚಿದೆನಲ್ಲ ದೇವರೇ ಎಂದು ಎದೆ ಹೊಡೆದುಕೊಂಡಿತು.

ಕಾರಿನಲ್ಲಿ ಕೂತು ನಡೆದದ್ದನ್ನು ಕೇಳಿದ ರೋಷನ್ ಸ್ಟಿಯರಿಂಗ್ ಹಿಡಿದುಕೊಂಡು, "ಎಂತ ಮಾಡಿದ್ರಿ ಅತ್ತಿಗೆ!" ಎಂದ. "ಒಂದು ಮಾತು ಸುಳ್ಳು ಹೇಳ್ಲಿಕ್ಕೆ ಆಗ್ಲಿಲ್ಲವಾ ನಿಮಗೆ?"

ಹರಿಣಾಕ್ಷಿಯ ನಾಲಿಗೆಯ ತುದಿಗೆ ಬಂದದ್ದನ್ನು ಬರೆಯುವ ಹಾಗಿಲ್ಲ. ಅಷ್ಟರಲ್ಲಿ ಪುರಂದರ ಹಿಂದಿನ ಸೀಟಿನಿಂದ ಕೈ ಚಾಚಿ ತಮ್ಮನ ಹೆಗಲ ಮೇಲಿಟ್ಟ.

"ಅವಳಿಗೆ ಬೈಬೇಡ. ಯಾರ ಹೆಸರು ಸಹ ಹೇಳುದಿಲ್ಲ, ನೀನು ಹೆದರ್ಬೇಡ. ಆದ್ರೆ ಒಂದು ಕೆಲಸ ಮಾಡು. ಕಾರ್ಡ್ ಹೇಗೂ ಉಂಟಲ್ಲ, ನೀನೊಮ್ಮೆ ಒಳಗೆ ಹೋಗಿ ಎದೆ ತೋರಿಸ್ಕೊಂಡು ಬಾ."

"ನನಗೆ ಎಂತ ಆಗಿದೆ ಅಣ್ಣ?"

"ಆಂಜಿಯೋಗ್ರಾಂ ಮಾಡ್ಸು ಅಂತ ಡಾಕ್ಟ್ರು ಬರೆದದ್ದು ನನಗಲ್ಲ, ನಿನಗೆ. ಮೂರು ವರ್ಷ ಆಯ್ತು, ನೀನು ಮಾಡ್ಸಿಲ್ಲ. ಅಪ್ಪ ಹೋದದ್ದು ಹೇಗೆ ಅಂತ ಗೊತ್ತುಂಟಲ್ಲ? ನನ್ನದಂತೂ ಹೀಗಾಯ್ತು. ಮಗು ಸಣ್ಣದು ನಿಂದು."

ಆ ಮೂರು ವರ್ಷ ಆ ಕಾಯಿಲೆ ಅಣ್ಣನ ಹೆಸರಿನಲ್ಲಿದೆ ಎಂದುಕೊಂಡೇ ರೋಷನ್ ಅದನ್ನು ಮರೆತುಬಿಟ್ಟಿದ್ದ. ಅವನ ಹಣೆ ನಿಧಾನಕ್ಕೆ ಸ್ಟಿಯರಿಂಗಿಗೆ ತಾಗಿತು. ನಲವತ್ತರ ಗಂಡಸು ಬಿಕ್ಕಿ ಬಿಕ್ಕಿ ಅತ್ತ. ಪುರಂದರ ಹೆಗಲ ಮೇಲಿನ ಕೈ ತೆಗೆಯಲಿಲ್ಲ. ಹರಿಣಾಕ್ಷಿಗೆ ಅವನನ್ನು ಹೊಡೆಯಬೇಕು ಎನಿಸಿತು, ಮರುಕ್ಷಣ ತಲೆ ಸವರಬೇಕು ಎನಿಸಿತು. ಎರಡನ್ನೂ ಮಾಡದೆ ಅವನು ಸುಮ್ಮನಾಗುವ ತನಕ ಕಾದಳು.

"ಅತ್ತು ಆಯ್ತಾ?" ಎಂದಳು ಕೊನೆಗೆ, ಬಸ್ಸಿನ ಮಕ್ಕಳಿಗೆ ಹೇಳುವ ದನಿಯಲ್ಲಿ. "ಹಾಗಾದ್ರೆ ಗಾಡಿ ತೆಗಿ. ಶೆರಿಲ್ ಹತ್ರ ಹೋಗುವ."

ಬೇಡ ಎಂದ ಪುರಂದರ. ರೋಷನ್ ಅಣ್ಣನ ಮುಖವನ್ನು ಕನ್ನಡಿಯಲ್ಲಿ ನೋಡಿದ, ಅತ್ತಿಗೆಯ ಮುಖವನ್ನು ನೋಡುವ ಧೈರ್ಯ ಮಾಡಲಿಲ್ಲ. ಗಾಡಿ ತೆಗೆದ.

ಮಧ್ಯಾಹ್ನದ ಹೊತ್ತಿಗೆ ಮೂವರೂ ಮೊದಲಿನ ಆಸ್ಪತ್ರೆಯ ಕೌಂಟರಿನ ಮುಂದೆ ಕೂತಿದ್ದರು. ಹೇಳಬೇಕಾದದ್ದನ್ನು ರೋಷನ್‌ನೇ ಹೇಳಿದ, ತಡವರಿಸಿ, ಅರ್ಧ ತುಳು ಅರ್ಧ ಇಂಗ್ಲಿಷಿನಲ್ಲಿ. ಮೂರು ವರ್ಷದ ಹಿಂದೆ ಅಬುಧಾಬಿಯಲ್ಲಿ ತೋರಿಸಿಕೊಂಡವನು ನಾನು, ಆ ಇಸಿಜಿ ನನ್ನದು, ಅಣ್ಣನಿಗೆ ಆಗ ಏನೂ ಇರಲಿಲ್ಲ. ಕೇಳುತ್ತ ಕೇಳುತ್ತ ಶೆರಿಲ್‌ಳ ಮುಖ ಬಿಳಿಚಿತು. ಒಮ್ಮೆ ಹಿಂದೆ ತಿರುಗಿ ಯಾರಾದರೂ ಇದ್ದಾರೆಯೇ ಎಂದು ನೋಡಿದಳು.

"ಆಂಟಿ, ನಾನು ಹೇಳುದನ್ನು ಸರಿಯಾಗಿ ಕೇಳಿ," ಎಂದಳು. "ಅಪೀಲ್ ಹಾಕ್ಬಹುದು. ಆದ್ರೆ ಅದರಲ್ಲಿ ಇದನ್ನೆಲ್ಲ ಬರೀಬೇಕು. ಒಮ್ಮೆ ಬರೆದು ಕಳಿಸಿದ್ರೆ ಮತ್ತೆ ಹಿಂದೆ ತೆಗೀಲಿಕ್ಕೆ ಬರುದಿಲ್ಲ. ಕಾರ್ಡ್ ಕೊಟ್ಟದ್ದು ಅಂಕಲಿನ ತಪ್ಪು, ತಗೊಂಡದ್ದು ಇವರ ತಪ್ಪು. ಇಬ್ಬರನ್ನೂ ಕರೆದು ಕೇಳ್ಬಹುದು, ಕೇಸ್ ಸಹ ಆಗ್ಬಹುದು. ಇಷ್ಟೆಲ್ಲ ಆದ್ರೂ ಆಪರೇಷನ್ ಪಾಸಾಗ್ತದೆ ಅಂತ ನಾನು ಮಾತು ಕೊಡ್ಲಿಕ್ಕೆ ಆಗುದಿಲ್ಲ. ಈಗ ಎದ್ದು ಹೋದ್ರೆ ನಾನು ಏನೂ ಕೇಳಿಲ್ಲ, ನೀವು ಏನೂ ಹೇಳಿಲ್ಲ. ಎಂತ ಮಾಡ್ಲಿ, ಬರೀಲಾ?"

ರೋಷನ್ ನೆಲ ನೋಡಿದ. "ಬೇಡ ಮಗಾ, ಬಿಟ್ಟುಬಿಡು," ಎಂದ ಪುರಂದರ, ಎದೆಯ ಮೇಲೆ ಅಂಗೈ ಒತ್ತಿಕೊಂಡು.

ಹರಿಣಾಕ್ಷಿ ಗಂಡನನ್ನು ನೋಡಿದಳು. ಆ ಅಂಗೈಯನ್ನು ನೋಡಿದಳು. ಅಶ್ಮಿತಾಳ ಮಗುವಿನ ನೆನಪಾಯಿತು, ಅದನ್ನು ಪಕ್ಕಕ್ಕೆ ಸರಿಸಲು ಅವಳಿಗೆ ತುಂಬ ಕಷ್ಟವಾಯಿತು. ಆದರೂ ಸರಿಸಿದಳು.

"ಬರಿ," ಎಂದಳು.